ಶನಿವಾರದ ದುಭಾಷಿ

ಸನ್ಮಾನ್ಯ ಓದುಗರಲ್ಲಿ ವಿನಯಪೂರ್ವಕ ನಿವೇದನೆ ಏನೆಂದರೆ, ಬೇರೆಯವರ ಮಕ್ಕಳ ವಿಷಯದಲ್ಲಿ ಸಲಹೆ ಕೊಡುವಷ್ಟು ಸುಲಭದ ಕೆಲಸ ಲೋಕದಲ್ಲಿ ಇನ್ನೊಂದಿಲ್ಲ. ಈ ಸಂಗತಿ ನನ್ನ ಸ್ವಂತ ಅನುಭವಕ್ಕೆ ಬಂದ ಬಗೆಯನ್ನು ಈ ಮೂಲಕ ಅರಿಕೆ ಮಾಡಿಕೊಳ್ಳುತ್ತೇನೆ.

ಅಮೆರಿಕದ ಮುಕಿಲ್ಟಿಯೊ ಊರಿನಲ್ಲಿ ನಮ್ಮ ಪಕ್ಕದ ಮನೆಯ ರಮೀರೊ ಮೆಕ್ಸಿಕೊದವನು. ನನ್ನಂತೆಯೇ ವಿಮಾನದ ಕಾರ್ಖಾನೆಯ ನೌಕರ. ಅವನ ಮಗ ಡಿಯೇಗೊನನ್ನು ಶಾಲೆಗೆ ಸೇರಿಸಬೇಕಿತ್ತು. ಒಂದು ತರಗತಿಯಲ್ಲಿ ಸ್ಪ್ಯಾನಿಷ್, ಇಂಗ್ಲಿಷ್ ಎರಡರಲ್ಲೂ ಪಾಠ. ಇನ್ನೊಂದರಲ್ಲಿ ಇಂಗ್ಲಿಷ್ ಮಾತ್ರ. ಯಾವುದೆಂದು ಸೋಮವಾರ ತಿಳಿಸಬೇಕು. ನಮ್ಮ ಮಗಳು ಸಿಂಚನಳ ಇಂಗ್ಲಿಷಿಗೆ ಬೆರಗಾಗಿದ್ದ ಅವನು ಶನಿವಾರ ಸಂಜೆ ನನ್ನ ಅಭಿಪ್ರಾಯ ಕೋರಿ ಬಂದ. ಇಂಗ್ಲಿಷ್ ಒಂದೇ ಸಾಕೆಂದು ಸಕಾರಣವಾಗಿ ವಿವರಿಸತೊಡಗಿದೆ.

"ರೀ, ಉಪದೇಶ ಆಮೇಲೆ ಮಾಡಿ. ಅತ್ತೆ ಕಾಯ್ತಿರ್ತಾರೆ" ಎಂದಳು ಹೆಂಡತಿ ವಸುಧಾ. ಮೈಸೂರಿನಲ್ಲಿ ಆಗ ಭಾನುವಾರದ ಬೆಳಗು. ಪ್ರತಿ ವಾರದ ಪದ್ಧತಿಯಂತೆ ಫೋನಿನ ಸ್ಪೀಕರ್ ಹಾಕಿ ಮಗಳನ್ನು ಕೂರಿಸಿದೆ.

"ಏನವ್ವಾ ಪುಟ್ಟಿ, ಅಜ್ಜಿ ನೆನಪಾಯ್ತಾ?"

"ಯಾ, ಐ ಗೆಸ್" ಎಂದಳು ಸಿಂಚನ, ಟಿವಿಯಿಂದ ಕಣ್ಣು ಕೀಳದೆ.

'ಹೂಂ, ಇರಬಹುದು' ಎಂಬಷ್ಟೇ ಅರ್ಥದ ಅದನ್ನು ಕನ್ನಡದಲ್ಲಿ ತಲುಪಿಸುವುದು ನನ್ನ ಹೊಣೆ. "ಅಮ್ಮಾ, ತುಂಬಾ ನೆನಪಾಗುತ್ತಂತೆ. ನೀನು ಕೈತುತ್ತು ಹಾಕ್ತಿದ್ದ ಮೊಸರನ್ನ ಕನಸಲ್ಲೂ ಬರುತ್ತಂತೆ. ಸುಮ್ನೆ ನಿನ್ನ ಪಕ್ಕ ಕೂತ್ಕೋಬೇಕು ಅನ್ಸುತ್ತಂತೆ."

ಆ ಕಡೆಯಿಂದ ಅಮ್ಮ ಕೇಳಿದಳು: "ಮಗು ಅಂದಿದ್ದು ಒಂದೇ ಮಾತು. ನೀನ್ಯಾಕೋ ಇಷ್ಟುದ್ದ ಹೇಳ್ದೆ?"

"ಇವರದ್ದು ಪ್ರತಿ ವಾರ ಇದೇ ಗೋಳು, ಅತ್ತೆ" ಎಂದು ವಸುಧಾ ನಕ್ಕಳು. ಅಮ್ಮ ನಗಲಿಲ್ಲ. "ಹೋಗ್ಲಿ ಬಿಡು. ಇನ್ನೊಂದ್ಸಲ ಹೇಳು" ಎಂದಳು. ಪಕ್ಕ ಕೂತ್ಕೋಬೇಕು ಅನ್ನುವುದನ್ನು ಮತ್ತೆ ಹೇಳಿದೆ.

ರಮೀರೊಗೆ ಕನ್ನಡ ಬಾರದು. ಆದರೂ ಫೋನನ್ನೂ ಮಗಳನ್ನೂ ನಡುವೆ ಕುಳಿತ ನನ್ನನ್ನೂ ನೋಡಿದ. ತನ್ನ ತಾಯಿಯೂ ಹೀಗೆಯೇ ಫೋನಿಗೆ ಕಾಯುತ್ತಾಳೆ ಎಂದಷ್ಟೇ ಹೇಳಿ ಎದ್ದ. ಸೋಮವಾರ ಡಿಯೇಗೊನನ್ನು ಎರಡು ಭಾಷೆಯ ತರಗತಿಗೆ ಸೇರಿಸಿದ. ಈಗ ಆ ಹುಡುಗ ಹಿತ್ತಲಿನಲ್ಲಿ ಫೋನ್ ಹಿಡಿದು ತನ್ನಜ್ಜಿಯೊಡನೆ ಸ್ಪ್ಯಾನಿಷಿನಲ್ಲಿ ಜಗಳವಾಡುವುದು ಬೇಲಿಯಾಚೆಯಿಂದ ಕೇಳಿಸುತ್ತದೆ. ಜಗಳಕ್ಕೂ ಹೊಟ್ಟೆಕಿಚ್ಚು ಪಡಬಹುದೆಂದು ನನಗೆ ತಿಳಿದಿರಲಿಲ್ಲ.

ತರುವಾಯ ನಮ್ಮ ಮನೆಯಲ್ಲೂ ಕನ್ನಡವೇ ಆಗಬೇಕೆಂದು ವಸುಧಾಳ ಆಜ್ಞೆಯಾಯಿತು. ಕಳೆದ ವಾರ ಸಿಂಚನ ತಾನೇ ಫೋನ್ ಕಸಿದುಕೊಂಡು, "ಅಜ್ಜಿ, ತಿಂಡಿ ಆಯ್ತಾ?" ಎಂದಳು. ಸಂತೋಷಪಟ್ಟೆನೆಂದು ದಾಖಲಿಸತಕ್ಕದ್ದು, ಪಟ್ಟೆನು ಕೂಡ. ಆದರೆ ಸದರಿ ದುಭಾಷಿ ಹುದ್ದೆಯೇ ರದ್ದಾದರೆ, ಪಕ್ಕ ಕೂತ್ಕೋಬೇಕು ಎನ್ನುವ ಆ ಮಾತನ್ನು ನಾನು ಇನ್ನು ಯಾರ ಹೆಸರಿನಲ್ಲಿ ಹೇಳಲಿ?