ಮೊರದಲ್ಲಿ ಬಂದ ಪಿಸ್ತೂಲು

ಎಲ್ಲ ಎಡವಟ್ಟಿಗೂ ಕಾರಣ ಪೊಲೀಸ್ ಠಾಣೆಗೆ ಬಂದ ಒಂದು ಸುತ್ತೋಲೆ. ಪರವಾನಗಿ ಇದ್ದವರು ಬಂದೂಕು ಹಿಡಿದು ಬೀದಿಯಲ್ಲಿ ಹೋದರೆ ಅದು ಅಪರಾಧವಲ್ಲ. ಯಾರೋ ಬೆದರಿ ಫೋನ್ ಮಾಡಿದ ಮಾತ್ರಕ್ಕೆ ಜೀಪು ಓಡಿಸಬಾರದು. ಗುರಿ ಇಟ್ಟಿದ್ದಾರೆಯೇ, ಬೆದರಿಸುತ್ತಿದ್ದಾರೆಯೇ, ಕುಡಿದಿದ್ದಾರೆಯೇ ಎಂದು ಕೇಳಬೇಕು. ಮೂರಕ್ಕೂ ಇಲ್ಲ ಎಂದರೆ ಧೈರ್ಯ ಹೇಳಿ ಫೋನ್ ಇಡಬೇಕು.

ಠಾಣೆಯ ಫೋನ್ ನೋಡಿಕೊಳ್ಳುವ ಪೇದೆ ಇದನ್ನು ಬಾಯಿಪಾಠ ಮಾಡಿದ್ದ. ಹೆತ್ತವರು ಇಟ್ಟ ಹೆಸರು ಮರೆತು ಎಲ್ಲರೂ ಅವನನ್ನು 'ಹಲೋ' ಎಂದೇ ಕರೆಯುತ್ತಿದ್ದರು. ಹೋದ ತಿಂಗಳು ಯಾರದೋ ದೂರು ನಂಬಿ ಎರಡು ಜೀಪು ಕಳಿಸಿ, ಪರವಾನಗಿ ಇದ್ದ ಹಲ್ಲಿನ ಡಾಕ್ಟರೊಬ್ಬರನ್ನು ನಡುರಸ್ತೆಯಲ್ಲಿ ಬೋರಲು ಮಲಗಿಸಿದ್ದ. ಡಾಕ್ಟರು ಕೋರ್ಟಿಗೆ ಹೋದರು. ಠಾಣೆಯ ಸಾಹೇಬರು ಹಲೋನನ್ನು ಕರೆದು, "ಇನ್ನೊಂದು ಸಲ ಸುಮ್‌ಸುಮ್ನೆ ಜೀಪು ಹೊರಟ್ರೆ ನಿನ್ನ ಕೆಲಸ ಹೋಯ್ತು ಅಂತ ತಿಳ್ಕೋ," ಎಂದಿದ್ದರು.

ಆ ದಿನ ಬೆಳಗ್ಗೆ ಒಂಬತ್ತೂವರೆಗೆ ಬಸ್ ನಿಲ್ದಾಣದ ಎದುರಿನ ದರ್ಜಿಯಿಂದ ಫೋನ್ ಬಂತು.

"ಸಾರ್, ಒಬ್ಬಳು ಹೆಂಗಸು ಪಿಸ್ತೂಲು ತಗೊಂಡು ಹೋಗ್ತಿದ್ದಾಳೆ!"

"ಯಾರ ಕಡೆಗಾದ್ರೂ ಗುರಿ ಇಟ್ಟಿದ್ದಾರಾ?"

"ಇಲ್ಲ ಸಾರ್. ಕಸ ಎತ್ತೋ ಮೊರದಲ್ಲಿ ಇಟ್ಕೊಂಡಿದ್ದಾಳೆ."

ಹಲೋ ತಬ್ಬಿಬ್ಬಾದ. ಸುತ್ತೋಲೆಯಲ್ಲಿ ಮೊರದ ಸುದ್ದಿಯೇ ಇರಲಿಲ್ಲ. ಆದರೂ ಸಾವರಿಸಿಕೊಂಡು, "ಕೈಯಲ್ಲೋ ಮೊರದಲ್ಲೋ, ಕಾನೂನು ಅದನ್ನೆಲ್ಲ ಕೇಳಲ್ಲ ಕಣ್ರೀ. ಅವರವರ ಅನುಕೂಲ," ಎಂದು ಫೋನ್ ಇಟ್ಟ.

ಹತ್ತು ನಿಮಿಷಕ್ಕೆ ಬೇಕರಿಯವನು. "ನನ್ನ ಅಂಗಡಿಗೇ ಬಂದು ಏನೋ ಕೇಳಿದ್ಲು ಸಾರ್. ಶಟರ್ ಎಳೆದುಬಿಟ್ಟೆ!"

"ಏನು ಕೇಳಿದ್ರು?"

"ಕೇಳಿಸ್ಕೊಳ್ಳೋಕೆ ನಿಂತಿದ್ರೆ ತಾನೇ!"

ಆಮೇಲೆ ಶಾಲೆಯ ಹೆಡ್ ಮೇಡಂ. ಮಕ್ಕಳೆಲ್ಲ ಬೆಂಚಿನ ಕೆಳಗಿದ್ದಾರಂತೆ, ಲೆಕ್ಕದ ಮೇಷ್ಟ್ರು ಅವರಿಗಿಂತ ಮುಂಚೆ ಹೋಗಿ ಕೂತಿದ್ದಾರಂತೆ. "ಆಕೆ ಕುಡಿದಿದ್ದಾರಾ ಮೇಡಂ?" ಎಂದು ಹಲೋ ವಿನಯದಿಂದ ಕೇಳಿದ. "ಬಾಯಿ ಮೂಸಿ ನೋಡ್ಕೊಂಡು ಬರ್ಲಾ?" ಎಂದು ಆಕೆ ಕಿರುಚಿದ್ದು ಒಳಗಿನ ಕೋಣೆಯ ಸಾಹೇಬರಿಗೂ ಕೇಳಿಸಿತು. ಹಲೋ ಜೀಪು ಕರೆಯದೆ ಫೋನ್ ಇಟ್ಟದ್ದನ್ನು ಕಂಡು ಅವರು ಹೊರಬಂದು ಅವನ ಬೆನ್ನು ತಟ್ಟಿದರು. ಹಲೋ ಹಿರಿಹಿರಿ ಹಿಗ್ಗಿದ.

ಹನ್ನೊಂದೂವರೆಗೆ ಮತ್ತೆ ಫೋನ್. ಈ ಸಲ ಏದುಸಿರು.

"ಪಿಸ್ತೂಲು... ಮೊರ... ನಮ್ಮನೆ ಬಾಗಿಲಲ್ಲಿ!"

"ಗಾಬರಿ ಆಗ್ಬೇಡಿ ತಾಯಿ. ಬೆದರಿಸ್ತಿದ್ದಾರಾ?"

"ಯಾರ್ರೀ ತಾಯಿ? ನಾನು ನಿಮ್ಮ ಹೆಂಡ್ತಿ!"

ಹಲೋ ಜೀಪು ಕರೆಯುವ ಗಂಟೆಯತ್ತ ಕೈ ಚಾಚಿದ. ಅಷ್ಟರಲ್ಲಿ ಸಾಹೇಬರ ಕೆಮ್ಮು ಕೇಳಿ ಕೈ ತಾನಾಗಿ ಹಿಂದಕ್ಕೆ ಬಂತು. "ಅವಳು... ಅವರು ಈಗ ಏನ್ ಮಾಡ್ತಿದ್ದಾರೆ?"

"ಮೆಟ್ಟಿಲ ಮೇಲೆ ಕೂತು ಸೆರಗಲ್ಲಿ ಬೆವರು ಒರೆಸ್ಕೊತಿದ್ದಾಳೆ. ಬರ್ತೀರೋ ಇಲ್ವೋ?"

"ಬೆವರು ಒರೆಸ್ಕೊಳ್ಳೋದು ಅಪರಾಧ ಅಲ್ಲ ಕಣೇ," ಎಂದ ಹಲೋ. ಹೆಂಡತಿ ಆಮೇಲೆ ಅಂದದ್ದನ್ನು ದೂರಿನ ಪುಸ್ತಕದಲ್ಲಿ ಬರೆಯುವ ಹಾಗಿರಲಿಲ್ಲ.

ಮಧ್ಯಾಹ್ನ ಹನ್ನೆರಡು ದಾಟುತ್ತಿದ್ದಂತೆ ನೀಲಿ ಕೋಟಿನ ಹೆಂಗಸೊಬ್ಬಳು ಬಂದು ಹಲೋನ ಮೇಜಿನ ಮೇಲೆ ಮೊರ ಇಟ್ಟಳು. ಮೊರದಲ್ಲಿ ಪಿಸ್ತೂಲು. ಹಲೋ ಕುರ್ಚಿ ಸಮೇತ ಗೋಡೆಗೆ ಅಂಟಿಕೊಂಡ. ಸಾಹೇಬರು ಹೊರಗೆ ಓಡಿಬಂದರು.

"ಅಬ್ಬಾ, ಕೊನೆಗೂ ಸಿಕ್ತಲ್ಲ ಠಾಣೆ!" ಎಂದಳು ಆಕೆ. "ಬಸ್ ನಿಲ್ದಾಣದ ಶೌಚಾಲಯ ತೊಳೆಯೋಳು ನಾನು. ಊರಿಗೆ ಬಂದು ಎರಡೇ ದಿನ ಆಯ್ತು. ಇದು ಅಲ್ಲಿ ಗಂಡಸರ ಕಡೆ ಕಿಟಕಿ ಕಟ್ಟೆ ಮೇಲಿತ್ತು. ಮುಟ್ಟೋಕೆ ಭಯ, ಅದಕ್ಕೇ ಮೊರದಲ್ಲಿ ತಂದೆ. ಠಾಣೆ ಎಲ್ಲಪ್ಪಾ ಅಂತ ಯಾರನ್ನ ಕೇಳಿದ್ರೂ ಓಡೋರೇ!"

ಸಾಹೇಬರ ಮುಖ ಬಿಳುಚಿತು. "ಅಂದ್ರೆ ಪರವಾನಗಿನೂ ಇಲ್ಲ, ಪಿಸ್ತೂಲೂ ಇವರದಲ್ಲ! ಬೆಳಗ್ಗೆಯಿಂದ ಒಬ್ಬನಾದ್ರೂ ಹೋಗಿ ವಿಚಾರಿಸಿದ್ರೆ..." ಎಂದು ಹಲೋನನ್ನು ದುರುಗುಟ್ಟಿ ನೋಡಿದರು.

ಕೆಲಸ ಉಳಿಸಿಕೊಳ್ಳಬೇಕಾದರೆ ತಪ್ಪನ್ನು ಬೇರೆಯವರ ತಲೆಗೆ ಕಟ್ಟಬೇಕು ಎಂದು ಹಲೋಗೆ ಥಟ್ಟನೆ ಹೊಳೆಯಿತು.

"ಸಾರ್, ಈ ತಾಯಿದೇನು ತಪ್ಪು? ಕಳ್ಕೊಂಡನಲ್ಲ, ಅವನನ್ನ ಬಿಡಬಾರದು," ಎನ್ನುತ್ತಾ ಹಾಳೆ ಎಳೆದು ಒಂದೇ ಉಸಿರಿಗೆ ವರದಿ ಬರೆದ. ಶೌಚಾಲಯದಲ್ಲಿ ಪಿಸ್ತೂಲು ಮರೆತು ಹೋದವನು ಯಾರೇ ಆಗಿರಲಿ, ಕನಿಕರ ತೋರಬಾರದು. ಅಂಥವನ ಕೈಗೆ ಇನ್ನು ಆಯುಷ್ಯದಲ್ಲಿ ಆಯುಧ ಕೊಡಬಾರದು. ಇಂದೇ ಕೇಸು ಹಾಕಿ ಒಳಗೆ ಕೂರಿಸಬೇಕು.

ಸಾಹೇಬರು ಓದಿದರು. ಮುಖದ ಬಿಗಿ ಸ್ವಲ್ಪ ಸಡಿಲಿತು. ಸಹಿ ಹಾಕಿ ಮೊಹರೂ ಒತ್ತಿದರು. "ಪಿಸ್ತೂಲಿನ ನಂಬರ್ ಒಂದು ಬಿಟ್ಟಿದ್ದೀಯ. ಓದು, ನಾನೇ ತುಂಬ್ತೀನಿ."

ಹಲೋ ಪಿಸ್ತೂಲನ್ನು ಬೆಳಕಿಗೆ ತಿರುಗಿಸಿದ. ಅವನ ಎಡಗೈ ಮೆಲ್ಲಗೆ ಸೊಂಟದಲ್ಲಿ ಪಿಸ್ತೂಲಿಡುವ ಚರ್ಮದ ಚೀಲಕ್ಕೆ ಹೋಯಿತು. ಚೀಲ ಚಪ್ಪಟೆಯಾಗಿತ್ತು. ಬೆಳಗ್ಗೆ ಬಸ್ಸಿಳಿದು ಹೊಟ್ಟೆ ಹಿಡಿದುಕೊಂಡು ಓಡಿದ್ದು ನೆನಪಾಯಿತು.

"ಓದಯ್ಯಾ!"

ಬೆಳಗ್ಗೆಯಿಂದ ಊರಿಗೆಲ್ಲ ಧೈರ್ಯ ಹೇಳಿದ ಹಲೋ ಪಿಸ್ತೂಲನ್ನು ಒಮ್ಮೆ ಕಣ್ಣಿಗೆ ಹತ್ತಿರ, ಒಮ್ಮೆ ದೂರ ಹಿಡಿದ.

"ಪಾಪ, ಕನ್ನಡಕ ತಂದಿಲ್ವೇನೋ," ಎಂದಳು ಆಕೆ. "ನಂಗೆ ಅಂಕಿ ಓದೋಕೆ ಬರುತ್ತೆ ಸಾರ್. ಏಳು... ಸೊನ್ನೆ... ನಾಲ್ಕು... ನಾಲ್ಕು. ಪಕ್ಕದಲ್ಲಿ ಈ ಗೋಡೆ ಮೇಲಿದೆಯಲ್ಲ, ಅದೇ ಮುದ್ರೆ ಇದೆ."

ಗೋಡೆಯ ಮೇಲಿದ್ದದ್ದು ಪೊಲೀಸ್ ಇಲಾಖೆಯ ಮುದ್ರೆ. ಸಾಹೇಬರು ಅದನ್ನು ನೋಡಿದರು, ಆಮೇಲೆ ಹಲೋನ ಸೊಂಟ ನೋಡಿದರು. ನಂಬರನ್ನು ನಿಧಾನವಾಗಿ ತುಂಬಿ, ವರದಿಯನ್ನು ಮಡಚಿ ಜೇಬಿಗಿಟ್ಟುಕೊಂಡರು.

"ಚೆನ್ನಾಗಿ ಬರ್ದಿದ್ದೀಯ ಕಣಯ್ಯಾ," ಎಂದರು. "ಒಂದಕ್ಷರ ತಿದ್ದೋ ಹಾಗಿಲ್ಲ."