ಹಸಿ ಹಲಗೆಯ ಕೊಟ್ಟಿಗೆ

ಕಾಂಪೌಂಡರು ಬೆಳಗ್ಗೆ ಫೋನಿನಲ್ಲಿ ಅತ್ತೆಗೆ ಹೇಳಿದ್ದು ಒಂದೇ ಒಂದು ಸುಳ್ಳು.

"ಕೊಟ್ಟಿಗೆ ಆಗ್ಲೇ ರೆಡಿ ಅತ್ತೆ. ಹಸು ಯಾವಾಗ ಬೇಕಾದ್ರೂ ಕಳಿಸಿ."

"ಹಾಗಾದ್ರೆ ಇವತ್ತು ಸಂಜೇನೇ ಲಾರಿ ಮಾಡ್ಕೊಂಡು ಬಂದ್ಬಿಡ್ತೀನಿ," ಎಂದರು ಅತ್ತೆ.

ಫೋನಿಟ್ಟ ಕಾಂಪೌಂಡರು ಹಿತ್ತಲಿಗೆ ಓಡಿದರು. ಕೊಟ್ಟಿಗೆ ಅಲ್ಲಿ ಇದ್ದದ್ದೇನೋ ನಿಜ, ಆದರೆ ಬಿಡಿಬಿಡಿಯಾಗಿ ನೆಲದ ಮೇಲೆ ಮಲಗಿತ್ತು. ಗಾಳಿಗೆ ಉರುಳಿದ್ದ ಮೂರು ನೀಲಗಿರಿ ಮರಗಳನ್ನು ಬಾಡಿಗೆ ಗರಗಸ ತಂದು ವಾರದ ಹಿಂದೆ ಅವರೇ ಕೊಯ್ದಿದ್ದರು. ಇಪ್ಪತ್ತು ವರ್ಷ ಗುಳಿಗೆ ಎಣಿಸಿದ ಕೈ ಅದು. ಒಂದು ತುದಿಯಲ್ಲಿ ಎರಡು ಅಂಗುಲ ದಪ್ಪವಿದ್ದ ಹಲಗೆ ಇನ್ನೊಂದು ತುದಿ ಮುಟ್ಟುವಷ್ಟರಲ್ಲಿ ಔಷಧಿ ಚೀಟಿಯಷ್ಟು ತೆಳ್ಳಗಾಗಿತ್ತು.

"ರೀ, ಸಂಜೆಯೊಳಗೆ ಆಗುತ್ತಾ?" ಹೆಂಡತಿ ಬಾಗಿಲಲ್ಲೇ ನಿಂತು ಕೇಳಿದಳು.

"ಆರು ಕಂಬ ನೆಡೋದು, ಮೇಲೆ ತಗಡು ಹೊದಿಸೋದು, ಸುತ್ತ ಹಲಗೆ ಹೊಡೆಯೋದು. ಇಷ್ಟೇ ತಾನೆ? ಒಳ್ಳೆ ಹಲಗೆ ಆರಿಸೋದೊಂದೇ ಕೆಲಸ."

ಕಾಂಪೌಂಡರು ರೋಗಿಯ ಬೆನ್ನು ಬಡಿಯುವಂತೆ ಒಂದೊಂದೇ ಹಲಗೆಯನ್ನು ಬಡಿದು, ಕಿವಿಗೊಟ್ಟು ಕೇಳಿ, ಆರೋಗ್ಯವಾಗಿರುವುದರ ಮೇಲೆ ಸೀಮೆಸುಣ್ಣದಲ್ಲಿ ಸರಿ ಗುರುತು ಹಾಕತೊಡಗಿದರು.

ಆಗಲೇ ಗೋಡೆಯ ಮೇಲೆ ಒಂದು ಬೋಳುತಲೆ ಮೂಡಿತು. ಪಕ್ಕದ ಮನೆಯ ನಿವೃತ್ತ ಸರ್ವೇಯರು. ಅಳತೆ ಟೇಪು ಜೇಬಿನಲ್ಲಿಲ್ಲದೆ ಅವರು ಹಾಲು ತರಲೂ ಹೋಗುತ್ತಿರಲಿಲ್ಲವಾದ್ದರಿಂದ ಬೀದಿಯಲ್ಲೆಲ್ಲ ಅವರಿಗೆ ಟೇಪು ಎಂದೇ ಹೆಸರು.

"ಒಬ್ಬರೇ ಆರಿಸ್ತಿದ್ದೀರಾ ಕಾಂಪೌಂಡರೇ? ನಾನೆಲ್ಲಿ ಸತ್ತು ಹೋಗಿದ್ದೆ?" ಎನ್ನುತ್ತಾ ಟೇಪು ಗೋಡೆ ಹಾರಿ ಬಂದರು. ಇನ್ನೊಂದು ತುದಿಯಿಂದ ಅಳೆಯುತ್ತಾ, ಸೊಟ್ಟಗಿರುವ ಹಲಗೆಗಳನ್ನು ಹುಡುಕಿ ಹುಡುಕಿ ಗುರುತು ಹಾಕಿದರು. ಅವರು ಹಾಕಿದ್ದೂ ಸರಿ ಗುರುತೇ.

ಒಂದು ಗಂಟೆಯಲ್ಲಿ ಇಬ್ಬರೂ ನಡುವೆ ಸಂಧಿಸಿದಾಗ ಹಿತ್ತಲಿನಲ್ಲಿ ಗುರುತಿಲ್ಲದ ಹಲಗೆ ಒಂದೂ ಇರಲಿಲ್ಲ.

"ಇದು ನಿಮ್ಮ ಸರಿನೋ ನನ್ನ ಸರಿನೋ?"

"ನನ್ನದಕ್ಕೆ ಬಾಲ ಉದ್ದ ಇರುತ್ತೆ."

"ನನ್ನದಕ್ಕೂ ಉದ್ದಾನೇ."

ಕೊನೆಗೆ ಬಡಗಿಯನ್ನು ಕರೆಸಿದರು. ಅವನು ಗುರುತುಗಳನ್ನು ನೋಡಲೇ ಇಲ್ಲ. ಒಂದು ಹಲಗೆಗೆ ಮೊಳೆ ಹೊಡೆದ. ಮೊಳೆಯ ಸುತ್ತ ನೀರು ಒಸರಿತು.

"ಇದು ಹಲಗೆ ಅಲ್ಲ ಸಾರ್, ಒದ್ದೆ ಟವೆಲ್ಲು. ಹಿಂಡಿ ಒಣಗಾಕಬೇಕು."

"ಯಾವುದೂ ಆಗಲ್ವೇನಪ್ಪಾ?"

"ಒಂದೂ ಆಗಲ್ಲ. ಬಿಸಿಲಿಗೆ ಬಿಟ್ರೆ ಸೀಳುತ್ತೆ, ಮಳೆಗೆ ಬಿಟ್ರೆ ಕೊಳೆಯುತ್ತೆ. ಒಂದು ವರ್ಷ ನೆರಳಲ್ಲಿ ಪೇರಿಸಿಡಿ. ಮೇಲೆ ಸೂರಿರಬೇಕು, ಸುತ್ತ ಗಾಳಿಯಾಡಬೇಕು."

"ಅಂಥ ಜಾಗ ಎಲ್ಲಿದೆ?"

"ಒಂದು ಕೊಟ್ಟಿಗೆ ಇದ್ರೆ ಸಾಕು ಸಾರ್."

ಕಾಂಪೌಂಡರು ಮರದ ರಾಶಿಯ ಮೇಲೆ ಕುಸಿದು ಕೂತರು. ಅವರ ಭಾರಕ್ಕೆ ಹಲಗೆಯೂ ಬಾಗಿ ಸಹಾನುಭೂತಿ ತೋರಿತು. ಹೆಂಡತಿ ಇದೆಲ್ಲ ಕೇಳಿಸಿಕೊಂಡು ಸರಕ್ಕನೆ ಒಳಗೆ ಹೋದಳು.

ಟೇಪು ಮಾತ್ರ ಎದೆಗುಂದಲಿಲ್ಲ. "ಇದಕ್ಕ್ಯಾಕೆ ತಲೆ ಕೆಡಿಸ್ಕೋತೀರಿ? ಕೆಟ್ಟ ಹಲಗೆ ಎಲ್ಲಾ ಹೊಡೆದು ಈಗ ಒಂದು ತಾತ್ಕಾಲಿಕ ಶೆಡ್ಡು ಎಬ್ಬಿಸೋಣ. ಅದರೊಳಗೆ ಒಳ್ಳೆ ಹಲಗೆ ಒಣಗಲಿ. ಹಸೂನೂ ಒಂದು ಮೂಲೇಲಿ ನಿಂತ್ಕೊಳ್ಳುತ್ತೆ."

ಬಡಗಿಗೂ ಹುರುಪು ಬಂತು. "ಕಂಬಕ್ಕೆ ಮಾತ್ರ ಕೆಂಪು ತಿರುಳಿರೋದೇ ಆರಿಸಿ. ಹೊರಗಿನ ಬಿಳಿ ಭಾಗ ಹುಳಕ್ಕೆ ಊಟ," ಎಂದು ಅವನೇ ಗುಂಡಿ ತೋಡಲು ನಿಂತ.

ಆಮೇಲೆ ಹಿತ್ತಲು ಹಿತ್ತಲಾಗಿ ಉಳಿಯಲಿಲ್ಲ. ಕಾಗದ ಕೊಡಲು ಬಂದ ಪೋಸ್ಟ್‌ಮ್ಯಾನನಿಗೆ "ಒಂದ್ನಿಮಿಷ ಹಿಡ್ಕೊಳ್ಳಿ" ಎಂದು ಕಂಬ ಒಪ್ಪಿಸಿದ್ದೇ ತಡ, ಅವನು ಪತ್ರಗಳನ್ನು ಬಾಯಲ್ಲಿ ಕಚ್ಚಿಕೊಂಡು ಒಂದೂವರೆ ಗಂಟೆ ಅದನ್ನು ತಬ್ಬಿ ನಿಂತ. ಟೇಪು ಅಳೆದ ಕಂಬಗಳಲ್ಲಿ ಎರಡು ಉದ್ದವಾದವು, ಒಂದು ಗಿಡ್ಡವಾಯಿತು. ಬಿಸಿಲೇರಿದಂತೆ ಹಸಿ ಹಲಗೆಗಳು ಮೈಮುರಿಯತೊಡಗಿದವು. ಈ ತುದಿಗೆ ಮೊಳೆ ಹೊಡೆದರೆ ಆ ತುದಿ ಆಕಳಿಸುತ್ತಾ ಮೇಲೇಳುತ್ತಿತ್ತು. ಅದನ್ನು ತುಳಿದು ಹಿಡಿಯಲು ಹೋದ ಕಾಂಪೌಂಡರ ಪಂಚೆಯನ್ನು ಸೇರಿಸಿಯೇ ಬಡಗಿ ಮೊಳೆ ಹೊಡೆದ.

"ಅಲ್ಲಾಡ್ಬೇಡಿ ಸಾರ್, ಗೋಡೆ ಹದ ತಪ್ಪುತ್ತೆ!"

"ಅದು ನನ್ನ ಪಂಚೆ ಕಣಯ್ಯಾ!"

"ಇರ್ಲಿ ಬಿಡಿ, ಹಿಡಿತ ಬಂದಿದೆ," ಎಂದರು ಟೇಪು.

ಹೊತ್ತು ಇಳಿಯುವಾಗ ಕೊಟ್ಟಿಗೆ ಎದ್ದು ನಿಂತಿತ್ತು. ತಲೆಯ ಮೇಲೆ ತಗಡು, ನಡುವಿನಲ್ಲಿ ಕೊಂಚ ಕೊಂಕು. ಮದುವೆ ಫೋಟೋಗೆ ನಿಂತ ನಾಚಿಕೆಯ ಹುಡುಗಿಯಂತೆ ಎಡಕ್ಕೆ ವಾಲಿತ್ತು. ಬಡಗಿ ಭುಜ ಕೊಟ್ಟು ತಳ್ಳಿದ. ಅಲುಗಲಿಲ್ಲ. ನಾಲ್ವರೂ ಸೇರಿ ತಳ್ಳಿದರು. ಆಗಲೂ ಅಲುಗಲಿಲ್ಲ!

"ಒಣಗಿಸೋ ಹಲಗೆ ಎಲ್ಲಿ?" ಟೇಪು ಸುತ್ತ ನೋಡಿದರು.

ಹಿತ್ತಲು ಬಟಾಬಯಲಾಗಿತ್ತು. ಒಳ್ಳೆಯದು, ಕೆಟ್ಟದ್ದು ಎನ್ನದೆ ಎಲ್ಲ ಹಲಗೆಯೂ ಗೋಡೆ ಸೇರಿತ್ತು. ಕಾಂಪೌಂಡರಿಗೆ ಅರ್ಥವಾಗಲು ಒಂದು ಕ್ಷಣ ಬೇಕಾಯಿತು. ಒಣಗಿಸಲು ಏನೂ ಉಳಿದಿಲ್ಲ ಎಂದರೆ ಶೆಡ್ಡು ಪೂರ್ತಿ ಹಸುವಿಗೇ, ಇದೇ ಕೊಟ್ಟಿಗೆ! ಅವರು ಹರಿದ ಪಂಚೆಯಲ್ಲೇ ಪೋಸ್ಟ್‌ಮ್ಯಾನನನ್ನು ಹಿಡಿದು ಎರಡು ಸುತ್ತು ಕುಣಿದರು.

ಅಷ್ಟರಲ್ಲಿ ಲಾರಿಯ ಹಾರನ್ ಕೇಳಿಸಿತು. ಅತ್ತೆ ಮುಂದಿನಿಂದ ಇಳಿದರು. ಕಾಂಪೌಂಡರು ಬಿಂಕದಿಂದ ಹಿಂದಿನ ಬಾಗಿಲು ತೆಗೆದರು. ಒಳಗೆ ಕೊಂಬಿರಲಿಲ್ಲ, ಬಾಲವಿರಲಿಲ್ಲ. ತುಂಬಿ ತುಳುಕುವಂತೆ ಇದ್ದದ್ದು ಹಲಗೆ.

"ಹಸು ಎಲ್ಲಿ ಅತ್ತೆ?"

"ಕೊಟ್ಬಿಟ್ಟೆ ಅಳಿಯಂದ್ರೇ. ನಿಮ್ಮ ಫೋನ್ ಆದ್ಮೇಲೆ ಮಗಳು ಫೋನ್ ಮಾಡಿ, ಒಂದು ಹಲಗೇನೂ ಸರಿ ಇಲ್ಲಮ್ಮಾ, ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದಾರೆ ಅಂದ್ಲು. ಕೇಳ್ಕೊಂಡು ಸುಮ್ನಿರೋಕ್ಕಾಗುತ್ತಾ? ಮರದ ಮಿಲ್ಲಿನವರಿಗೆ ಆ ಹಸು ಮೇಲೆ ಮೊದಲಿಂದಲೂ ಕಣ್ಣು. ಅದನ್ನ ಕೊಟ್ಟು ಇದನ್ನ ತಂದೆ. ಮುಟ್ಟಿ ನೋಡಿ, ಗರಿಗರಿಯಾಗಿ ಒಣಗಿದೆ. ಒಂದು ಗಂಟಿಲ್ಲ!"

ಹೆಂಡತಿ ನಾಲಿಗೆ ಕಚ್ಚಿಕೊಂಡಳು. ತಗಡಿನ ಮೇಲೆ ಟಪ್ ಎಂದು ಒಂದು ಹನಿ ಬಿತ್ತು, ಹಿಂದೆಯೇ ಹತ್ತು.

"ಅಯ್ಯೋ, ಒಣಮರ ನೆನೆಯುತ್ತೆ! ಒಳಗೆ ಸಾಗಿಸ್ರಪ್ಪಾ!" ಅತ್ತೆ ಕೂಗಿದರು.

ಎಲ್ಲರೂ ಓಡೋಡಿ ಹಲಗೆ ಹೊತ್ತರು. ಕಾಲು ಗಂಟೆಯಲ್ಲಿ ಕೊಟ್ಟಿಗೆ ನೆಲದಿಂದ ಸೂರಿನವರೆಗೆ ಭರ್ತಿಯಾಯಿತು. ಕರುವಿರಲಿ, ಕೋಳಿಗೂ ಜಾಗವಿರಲಿಲ್ಲ.

ಅತ್ತೆ ಸೆರಗಿನಿಂದ ತಲೆ ಒರೆಸಿಕೊಳ್ಳುತ್ತಾ ಕಂಬವನ್ನೊಮ್ಮೆ ಅಲುಗಿಸಿ ನೋಡಿ, ಬೆರಗಾಗಿ ಕೇಳಿದರು:

"ಇಷ್ಟು ಗಟ್ಟಿ ಶೆಡ್ಡು ಇಟ್ಕೊಂಡು ಮರಕ್ಕೆ ಯಾಕೆ ಒದ್ದಾಡಿದ್ರಿ? ಹಸೂನ ಇಲ್ಲೇ ಕಟ್ಟಬಹುದಿತ್ತಲ್ಲ ಅಳಿಯಂದ್ರೇ!"