ಭಾಷಣವಿಲ್ಲದ ಭಾನುವಾರ

ಈ ವರ್ಷ ದಾವಣಗೆರೆಯಲ್ಲಿ ಯಾರು ಎಲ್ಲಿ ಹಾಡಲಿ, ಬಾರಿಸಲಿ, ಊದಲಿ, ಮುಂದಿನ ಸಾಲಿನಲ್ಲಿ ತಿಪ್ಪೇರುದ್ರಪ್ಪ ಎಂಬ ಈ ಪ್ರಾಣಿ ಹಾಜರಿರತಕ್ಕದ್ದು! ಯುಗಾದಿಯ ಬೆಳಿಗ್ಗೆ ಎಣ್ಣೆನೀರು ಹಾಕಿಕೊಂಡು ಬಂದವನೇ ಹೀಗೊಂದು ಪ್ರತಿಜ್ಞೆ ಮಾಡಿದೆ. ಮೂವತ್ತನಾಲ್ಕು ವರ್ಷ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿ ನಿವೃತ್ತನಾದವನಿಗೆ ಇಷ್ಟಾದರೂ ಒಂದು ಗುರಿ ಬೇಡವೇ? ಊರಿನ ಸಂಗೀತವನ್ನು ಊರಿನವರೇ ಎದುರಿಗೆ ಕೂತು ಕೇಳದಿದ್ದರೆ ಇನ್ನು ಯಾರು ಕೇಳಬೇಕು?

ಹೋಳಿಗೆ ತಟ್ಟುತ್ತಿದ್ದ ನನ್ನ ಹೆಂಡತಿ ನೇತ್ರಾವತಿ ತಲೆ ಎತ್ತದೆ ಹೇಳಿದಳು.

“ಹೋಗಿ ಬರ್ರಿ. ಕೇಳೋದು ನಿಮಗೂ ಸ್ವಲ್ಪ ರೂಢಿ ಆಗ್ಲಿ.”

ಹೋದೆ. ಕಾಲೇಜಿನ ಸಭಾಂಗಣದ ಭಾವಗೀತೆಗೆ ಹೋದೆ, ಹೋಟೆಲಿನ ಮಹಡಿಯ ಗಜಲ್‌ಗೆ ಹೋದೆ, ಕರೋಕೆ ಹಚ್ಚಿಕೊಂಡು ಹಳೆಯ ಸಿನಿಮಾ ಹಾಡು ಹೇಳುವ ನಿವೃತ್ತ ಇಂಜಿನಿಯರುಗಳ ಬಳಗಕ್ಕೂ ಹೋದೆ. ಮೂರು ತಿಂಗಳಲ್ಲಿ ನನಗೆ ಜ್ಞಾನೋದಯವಾಯಿತು. ನಮ್ಮೂರಲ್ಲಿ ಸಂಗೀತ ಕಾರ್ಯಕ್ರಮ ಎಂದರೆ ಭಾಷಣದ ಕಾರ್ಯಕ್ರಮ. ಸ್ವಾಗತ, ಪ್ರಾಸ್ತಾವಿಕ, ಉದ್ಘಾಟನಾ ನುಡಿ, ಸನ್ಮಾನ, ಸನ್ಮಾನಿತರ ನುಡಿ, ಮುಖ್ಯ ಅತಿಥಿಗಳ ನುಡಿ, ಅಧ್ಯಕ್ಷೀಯ ನುಡಿ. ಇಷ್ಟೆಲ್ಲ ಮುಗಿಯುವ ಹೊತ್ತಿಗೆ ವೇದಿಕೆಯ ಮೂಲೆಯಲ್ಲಿ ಹಾರ್ಮೋನಿಯಂ ಹಿಡಿದು ಕೂತವರ ಕಾಲು ಜೋಮು ಹಿಡಿದಿರುತ್ತದೆ. “ಸಮಯದ ಅಭಾವದಿಂದ ಕಲಾವಿದರು ಒಂದೇ ಗೀತೆ ಹಾಡಬೇಕಾಗಿ ವಿನಂತಿ” ಎಂದು ನಿರೂಪಕಿ ನಗುನಗುತ್ತ ಹೇಳುತ್ತಾಳೆ. ಸಮಯ ತಿಂದವರು ಅಷ್ಟರಲ್ಲಿ ಶಾಲು ಮಡಚಿಕೊಂಡು ಕಾರು ಹತ್ತಿರುತ್ತಾರೆ.

ನನಗೆ ಮೈ ಉರಿಯಿತು. ಒಂದು ಡೈರಿ ತಂದು, ಪ್ರತಿ ಕಾರ್ಯಕ್ರಮದಲ್ಲೂ ಗಡಿಯಾರ ನೋಡಿ ಬರೆಯತೊಡಗಿದೆ. ‘ಭಾಷಣ ಎಪ್ಪತ್ತೆರಡು ನಿಮಿಷ, ಹಾಡು ಹದಿನಾಲ್ಕು ನಿಮಿಷ.’ ಆ ಪುಟದ ಫೋಟೊ ತೆಗೆದು ಊರಿನ ಸಂಗೀತಪ್ರಿಯರ ವಾಟ್ಸ್‌ಆ್ಯಪ್ ಗುಂಪಿಗೆ ಹಾಕುತ್ತಿದ್ದೆ. ಸಂಘಟಕರು ನನ್ನನ್ನು ಕಂಡರೆ ಬೆವರತೊಡಗಿದರು. ಮೈಕ್ ಹಿಡಿದ ದೊಡ್ಡ ಮನುಷ್ಯರು ನನ್ನ ಮುಖ ನೋಡಿ ತಡವರಿಸತೊಡಗಿದರು. ಇಷ್ಟಾದ ಮೇಲೆ ಮನುಷ್ಯನಿಗೆ ಸೊಕ್ಕು ಬಾರದೆ ಇರುತ್ತದೆಯೇ? ನನಗೂ ಬಂತು.

ಹೀಗಿರುವಾಗ ನೇತ್ರಾವತಿಯ ಕಡೆಯ ಮದುವೆಗೆಂದು ಹರಿಹರಕ್ಕೆ ಹೋದೆವು. ಮದುಮಗನ ಮೆರವಣಿಗೆ ಬರುತ್ತಿತ್ತು. ಮುಂದೆ ಡಿಜೆ ಗಾಡಿ, ಅದರ ಅಬ್ಬರಕ್ಕೆ ನನ್ನ ಕಟ್ಟಿಸಿದ ಹಲ್ಲುಗಳೆಲ್ಲ ಅಲುಗಾಡುತ್ತಿದ್ದವು. ಇದ್ದಕ್ಕಿದ್ದಂತೆ ಜನರೇಟರ್ ಕೆಟ್ಟು ಡಿಜೆ ಬಾಯಿ ಮುಚ್ಚಿತು. ಆಗ ಹಿಂದಿನಿಂದ ಒಂದು ಕ್ಲಾರಿಯೋನೆಟ್ ಕೇಳಿಸಿತು. ಅದು ಮೊದಲಿನಿಂದಲೂ ನುಡಿಯುತ್ತಲೇ ಇತ್ತು, ಯಾರಿಗೂ ಕೇಳಿಸಿರಲಿಲ್ಲ ಅಷ್ಟೆ. ಬ್ಯಾಂಡ್ ಸೆಟ್ಟಿನ ಕೆಂಪು ಕೋಟು ತೊಟ್ಟ ಅರವತ್ತರ ಮನುಷ್ಯನೊಬ್ಬ ನಡೆಯುತ್ತಲೇ, ಅರ್ಧ ಕಣ್ಣು ಮುಚ್ಚಿ ಒಂದು ರಾಗವನ್ನು ನಿಧಾನವಾಗಿ ಬಿಡಿಸುತ್ತಿದ್ದ. ನಾನು ನಡೆಯುವುದನ್ನು ಬಿಟ್ಟು ನಿಂತೆ. ಇಷ್ಟು ತಿಂಗಳು ಮುಂದಿನ ಸಾಲಿನಲ್ಲಿ ಕೂತರೂ ಸಿಗದಿದ್ದದ್ದು ಹರಿಹರದ ಒಂದು ಚರಂಡಿಯ ಪಕ್ಕದಲ್ಲಿ ಸಿಕ್ಕಿತು. ಐದು ನಿಮಿಷಕ್ಕೆ ಜನರೇಟರ್ ರಿಪೇರಿಯಾಯಿತು.

ಊಟದ ಹೊತ್ತಿಗೆ ಆ ಮನುಷ್ಯನನ್ನು ಹುಡುಕಿ ಹಿಡಿದೆ. ಹೆಸರು ಹನುಮಂತಪ್ಪ, ಊರು ಅಲ್ಲೇ ಹತ್ತಿರದ ಸಾರಥಿ.

“ಎಷ್ಟು ವರ್ಷ ಆತು ಊದಾಕೆ ಹಿಡಿದು?” ಎಂದು ಕೇಳಿದೆ.

“ನಲವತ್ತು ಆತ್ರಿ ಸಾರ್.”

“ಸ್ಟೇಜಿನ ಮ್ಯಾಲೆ ಎಷ್ಟು ಸಲ?”

ಹನುಮಂತಪ್ಪ ನಕ್ಕ. “ನಮ್ದು ನಡ್ಕೊಂತ ಊದೋ ಕಸುಬು ಸಾರ್. ಒಂದ್ಸಲ ಕುಂತು ಊದ್ಬೇಕು ಅಂತ ಆಸೆ ಐತ್ರಿ. ಕುಂತು ಕೇಳೋರ ಮುಂದೆ.” ಆಮೇಲೆ ಎಲೆಯ ಮೇಲಿನ ಅನ್ನ ಕಲಸುತ್ತ ಸೇರಿಸಿದ. “ನಮ್ಮ ಮನ್ಯಾಕಿ ಮರಿಯವ್ವ, ಆಕಿನೂ ಇವತ್ತಿನ ತನಕ ಕೇಳಿಲ್ಲ.”

“ಹೆಂಡ್ತಿನೇ ಕೇಳಿಲ್ಲ ಅಂದ್ರೆ ಹೆಂಗೆ?”

“ಕಂಡೋರ ಮೆರವಣಿಗಿಗೆ ಆಕಿ ಯಾಕ ಬರ್ತಾಳೆ? ಮನ್ಯಾಗೆ ಊದಿದ್ರೆ ಎಮ್ಮೆ ಬೆದರಿ ಹಾಲು ಕೊಡಲ್ಲ. ಅದ್ಕೆ ಹೊಳಿ ದಂಡಿಗೆ ಹೋಗಿ ಸಾಧನೆ ಮಾಡ್ತೀನಿ.”

ಒಬ್ಬ ಕಲಾವಿದನಿಗೂ ಅವನ ಹೆಂಡತಿಗೂ ನಡುವೆ ಒಂದು ಎಮ್ಮೆ! ಈ ಅನ್ಯಾಯವನ್ನು ಸರಿಪಡಿಸಲೆಂದೇ ದೇವರು ನನ್ನನ್ನು ಹುಟ್ಟಿಸಿದ್ದಾನೆ ಎಂದು ಆ ಕ್ಷಣದಲ್ಲಿ ನನಗೆ ಖಾತ್ರಿಯಾಯಿತು.

ಮರುದಿನವೇ ಅಂಜನ್ ಕುಮಾರನ ಅಂಗಡಿಗೆ ಹೋಗಿ ಕೂತೆ. ಪಿ.ಜೆ. ಬಡಾವಣೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿರುವ ಅಂಜನ್ ಕುಮಾರ್ ನನ್ನ ಹಳೆಯ ವಿದ್ಯಾರ್ಥಿ, ತಿಂಗಳಿಗೊಂದು ಸಂಗೀತ ಏರ್ಪಡಿಸುವ ‘ಭಾನುವಾರದ ಬಳಗ’ದ ಕಾರ್ಯದರ್ಶಿ.

“ಹನುಮಂತಪ್ಪ ಒಬ್ಬರದೇ ಕಛೇರಿ ಇಡು. ಭಾಷಣ ಒಂದೂ ಇರಂಗಿಲ್ಲ,” ಎಂದೆ.

“ಮುಖ್ಯ ಅತಿಥಿ ಇಲ್ದೆ ಹೆಂಗೆ ಸಾರ್? ಹಾಲ್ ಕೊಡ್ಸಿದ್ದೇ ಅವ್ರು.”

“ಬರ್ಲಿ, ಕೂಡ್ಲಿ. ಮಾತಾಡಂಗಿಲ್ಲ.”

“ಕಲಾವಿದರ ಪರಿಚಯ?”

“ಅದನ್ನ ನಾನು ಮಾಡ್ತೀನಿ. ಎರಡು ನಿಮಿಷ.”

ಅಂಜನ್ ಕುಮಾರ್ ಕನ್ನಡಕ ತೆಗೆದು ಒರೆಸಿಕೊಂಡು ನನ್ನನ್ನು ಮತ್ತೊಮ್ಮೆ ನೋಡಿದ. ಮೂರು ವರ್ಷ ನನ್ನ ಪಾಠ ಕೇಳಿದವನು ಅವನು. ಆದರೂ ಗುರುಗಳ ಮಾತಿಗೆ ಎದುರಾಡಲಿಲ್ಲ.

ಹಾಲ್ ನಮಗೆ ಹನ್ನೊಂದರಿಂದ ಒಂದು ಗಂಟೆಯವರೆಗೆ ಮಾತ್ರ. ಆಮೇಲೆ ಅಲ್ಲಿ ಯಾರದೋ ಮಗುವಿನ ನಾಮಕರಣ. ಹನುಮಂತಪ್ಪನಿಗೂ ಎರಡು ಗಂಟೆಗೆ ಹರಿಹರದಲ್ಲಿ ಮೆರವಣಿಗೆ. ಎರಡು ನಿಮಿಷದ ಪರಿಚಯಕ್ಕೆ, ಒಂದೂವರೆ ಗಂಟೆಯ ಸಂಗೀತಕ್ಕೆ ಬೇಕಾದಷ್ಟಾಯಿತು.

ಆ ಭಾನುವಾರ ಹತ್ತೂವರೆಗೇ ಗಂಡಹೆಂಡಿರು ಬಂದರು. ಹನುಮಂತಪ್ಪ ಕೆಂಪು ಕೋಟು ಬಿಟ್ಟು ಬಿಳಿ ಅಂಗಿ, ಬಿಳಿ ಪಂಚೆಯಲ್ಲಿದ್ದ. ವೇದಿಕೆಯ ಜಮಖಾನದ ಮೇಲೆ ಕೂತು, ಎದ್ದು, ಇನ್ನೊಂದು ಸಲ ಕೂತು ನೋಡಿದ. ಮರಿಯವ್ವ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಎಮ್ಮೆಯನ್ನು ಪಕ್ಕದ ಮನೆಯವರಿಗೆ ಒಪ್ಪಿಸಿ ಬಂದಿದ್ದಳಂತೆ. ಮುಂದಿನ ಸಾಲಿನ ಕುರ್ಚಿಯ ತುದಿಯಲ್ಲಿ ಕೂತವಳು ಬೆನ್ನು ಒರಗಿಸಲೇ ಇಲ್ಲ.

ಮುಖ್ಯ ಅತಿಥಿಗಳು ಬಂದಾಗ ಹನ್ನೊಂದೂವರೆ. ನಾನು ಡೈರಿ ತೆಗೆದು ಕೆಂಡದಂಥ ಅಕ್ಷರಗಳಲ್ಲಿ ಬರೆದುಕೊಂಡೆ. ಆಗ ಅಂಜನ್ ಕುಮಾರ್ ಮೈಕಿನ ಮುಂದೆ ಬಂದು ಹೇಳಿದ.

“ಇವತ್ತು ಒಂದು ಸಣ್ಣ ಆಶ್ಚರ್ಯ ಐತೆ. ಭಾಷಣದ ಹಾವಳಿಯಿಂದ ನಮ್ಮೂರ ಸಂಗೀತವನ್ನು ಕಾಪಾಡಿದ ನಮ್ಮ ಗುರುಗಳಿಗೆ ಬಳಗದ ವತಿಯಿಂದ ‘ಉತ್ತಮ ಕೇಳುಗ’ ಸನ್ಮಾನ.”

ನಾನು ಬೇಡವೆನ್ನಬಹುದಿತ್ತು. ಬೇಡ ಎಂದೂ ಅಂದೆ, ಆದರೆ ಅಷ್ಟರಲ್ಲಿ ಮೆಟ್ಟಿಲು ಹತ್ತಿಯಾಗಿತ್ತು. ಪೇಟ ತೊಡಿಸಿದರು, ಶಾಲು ಹೊದಿಸಿದರು, ಹಾರ ಹಾಕಿದರು, ಹಣ್ಣಿನ ಬುಟ್ಟಿ ಕೊಟ್ಟರು. ಫೋಟೊದವನು ಎರಡೆರಡು ಸಲ ಕೊಡಿಸಿದ. ಮೂವತ್ತನಾಲ್ಕು ವರ್ಷದ ಸೇವೆಯಲ್ಲಿ ನನಗೆ ಯಾರೂ ಒಂದು ಹೂವು ಕೊಟ್ಟಿರಲಿಲ್ಲ. ಕಣ್ಣು ಒದ್ದೆಯಾಯಿತು. ಒದ್ದೆ ಕಣ್ಣಿನಲ್ಲೇ ಮೈಕ್ ಹಿಡಿದೆ.

“ಭಾಷಣ ಎಂದರೆ ನನಗೆ ಮೊದಲಿನಿಂದಲೂ ಆಗದು,” ಎಂದು ಶುರು ಮಾಡಿದೆ.

ಜನ ನಕ್ಕರು. ಆ ನಗು ನನ್ನನ್ನು ಕೆಡಿಸಿತು. ಯಾಕೆ ಆಗದು ಎಂದು ವಿವರಿಸಿದೆ. ಡೈರಿ ತೆಗೆದು, ಯಾವ ಕಾರ್ಯಕ್ರಮದಲ್ಲಿ ಯಾರು ಎಷ್ಟು ನಿಮಿಷ ಕೊರೆದರು ಎಂದು ತಾರೀಖಿನ ಸಮೇತ ಓದಿದೆ. ಆಮೇಲೆ ಪರಿಚಯಕ್ಕೆ ಬಂದೆ. ಕ್ಲಾರಿಯೋನೆಟ್ ಎಂದ ಮೇಲೆ ಅದರ ಊದುವ ತುದಿಯ ರೀಡ್ ಪಟ್ಟಿ, ಪಟ್ಟಿ ಎಂದ ಮೇಲೆ ಕಂಪನ, ಕಂಪನ ಎಂದ ಮೇಲೆ ಕೊಳವೆಯೊಳಗಿನ ಗಾಳಿ, ಹೀಗೆ ಹತ್ತನೇ ತರಗತಿಯ ಧ್ವನಿಯ ಪಾಠ ಪೂರ್ತಿ ಮುಗಿಯಿತು. ಕರಿಹಲಗೆ ಇರಲಿಲ್ಲ, ಇದ್ದಿದ್ದರೆ ಚಿತ್ರವನ್ನೂ ಬರೆಯುತ್ತಿದ್ದೆ. ಜನ ಮತ್ತೆ ಮತ್ತೆ ಚಪ್ಪಾಳೆ ತಟ್ಟಿದರು. ಅದು ನಾನು ನಿಲ್ಲಿಸಲಿ ಎಂದು ತಟ್ಟಿದ ಚಪ್ಪಾಳೆ ಎಂದು ಈಗ ಗೊತ್ತಾಗುತ್ತದೆ. ಮೂರನೆಯ ಸಾಲಿನಿಂದ ನೇತ್ರಾವತಿ ಎರಡು ಬೆರಳಿನಿಂದ ತನ್ನ ಮಣಿಕಟ್ಟು ತಟ್ಟುತ್ತಿದ್ದಳು. ಸಂಗೀತದ ವಾತಾವರಣಕ್ಕೆ ಮನಸೋತು ತಾಳ ಹಾಕುತ್ತಿದ್ದಾಳೆ ಎಂದುಕೊಂಡು ಅವಳತ್ತ ಮುಗುಳ್ನಕ್ಕೆ.

ಕೊನೆಗೆ ಹನುಮಂತಪ್ಪನನ್ನು ಹೊಗಳಿದೆ. ಇದನ್ನು ಮಾತ್ರ ಸುಳ್ಳು ಎನ್ನಲಾರೆ. ಆ ಮದುವೆಯ ಬೀದಿ, ಕೆಟ್ಟ ಜನರೇಟರು, ಆ ಉಸಿರು, ನಾನು ನಿಂತುಬಿಟ್ಟದ್ದು, ಎಲ್ಲ ಹೇಳಿದೆ. ಮರಿಯವ್ವ ಬಾಯಿ ತೆರೆದು ಕೇಳುತ್ತಿದ್ದಳು. ಹನುಮಂತಪ್ಪ ಮಾತ್ರ ಪಟ್ಟಿಯನ್ನು ನಾಲಗೆಯಿಂದ ಒದ್ದೆ ಮಾಡಿ ಬಾಯಿಗಿಟ್ಟುಕೊಳ್ಳುತ್ತಿದ್ದ, ನಾನು ಇನ್ನೊಂದು ವಾಕ್ಯ ಶುರು ಮಾಡಿದಾಗ ತೆಗೆಯುತ್ತಿದ್ದ. ಪಟ್ಟಿ ಒಣಗುತ್ತಿತ್ತು, ಮತ್ತೆ ಒದ್ದೆ ಮಾಡುತ್ತಿದ್ದ. ಅದೆಲ್ಲ ನನ್ನ ಕಣ್ಣಿಗೆ ಕಾಣುತ್ತಿತ್ತು, ತಲೆಗೆ ಹೋಗುತ್ತಿರಲಿಲ್ಲ.

ನಾನು ಕೂತಾಗ ಹನ್ನೆರಡೂವರೆ ದಾಟಿತ್ತು. ಆದರೂ ಅರ್ಧ ಗಂಟೆ ಉಳಿದಿತ್ತಲ್ಲ? ಮುಖ್ಯ ಅತಿಥಿಗಳು ಮೈಕಿಗೆ ಕೈ ಚಾಚಿದರು.

“ಇವರು ಇಷ್ಟು ಮಾತಾಡಿದ ಮ್ಯಾಲೆ ನಾನು ಸುಮ್ನೆ ಕುಂತ್ರೆ ಚೆಂದ ಕಾಣಂಗಿಲ್ಲ. ಎರಡೇ ನಿಮಿಷ.”

ಅವರ ಎರಡು ನಿಮಿಷ ಮುಗಿಯುವ ಹೊತ್ತಿಗೆ ಹಾಲಿನ ಬಾಗಿಲಲ್ಲಿ ಹೂ ಸುತ್ತಿದ ತೊಟ್ಟಿಲು ಕಾಣಿಸಿತು. ಅದನ್ನು ಹೊತ್ತ ನಾಲ್ವರು ಯಾರನ್ನೂ ಕೇಳದೆ ವೇದಿಕೆಗೆ ತಂದು ಹನುಮಂತಪ್ಪನ ಪಕ್ಕದಲ್ಲೇ ಇಳಿಸಿದರು. ಹಿಂದೆ ಬಂದ ಅಜ್ಜಿಯೊಬ್ಬಳ ತೋಳಲ್ಲಿ ಮಗು ಇತ್ತು. ನಾನು ಓಡಿ ಹೋಗಿ ಕೈಮುಗಿದೆ.

“ಅಮ್ಮಾ, ಐದೇ ನಿಮಿಷ. ಒಂದೇ ರಾಗ. ನಿಮ್ಮ ಕೂಸಿಗೂ ಶುಭ ಆಗ್ತದೆ.”

“ಈಗ ಕಣ್ಣು ಮುಚ್ಚೈತೆ ಕೂಸು,” ಅಜ್ಜಿ ಪಿಸುಗುಟ್ಟಿದಳು. “ಇಷ್ಟೊತ್ತು ಮೈಕಿನಾಗೆ ಯಾರೋ ಒದರಾಡಿ ಹೊರಗೆ ಮಲಗಾಕೆ ಬಿಟ್ಟಿಲ್ಲ. ಈಗ ಪೀಪಿ ಊದಬ್ಯಾಡ್ರಿ.”

ಹನುಮಂತಪ್ಪ ಕ್ಲಾರಿಯೋನೆಟ್ಟನ್ನು ಬಿಚ್ಚಿ, ತುಂಡು ತುಂಡಾಗಿ ಒರೆಸಿ ಪೆಟ್ಟಿಗೆಯಲ್ಲಿಟ್ಟ. ಜಮಖಾನದಿಂದ ಏಳುವಾಗ ಅದನ್ನು ಕೈಯಿಂದ ಒಂದು ಸಲ ಸರಿಮಾಡಿದ.

ಹೊರಗೆ ಬಿಸಿಲಲ್ಲಿ ಆಟೊ ಕಾಯುತ್ತ ನಿಂತೆವು. ನನ್ನ ತಲೆಯ ಮೇಲೆ ಇನ್ನೂ ಪೇಟ. ನೇತ್ರಾವತಿ ಪಕ್ಕಕ್ಕೆ ಬಂದಳು.

“ನಲವತ್ತೊಂದು ನಿಮಿಷ,” ಎಂದಳು.

“ಏನು?”

“ನಿಮ್ದು. ಒಂದು ಪೀರಿಯಡ್ಡಿಗೆ ನಾಲ್ಕು ನಿಮಿಷ ಕಮ್ಮಿ. ಬರ್ಕೊಳ್ರಿ ಡೈರಿಯಾಗೆ. ಊದಿದ್ದು ಸೊನ್ನೆ ಅಂತಾನೂ ಬರ್ಕೊಳ್ರಿ.”

ನನಗೆ ಅವಳ ಮೇಲೆ ಸಿಟ್ಟು ಬರಲಿಲ್ಲ, ಅದೇ ದೊಡ್ಡ ಶಿಕ್ಷೆಯಾಯಿತು. ನಲವತ್ತು ವರ್ಷ ಡಿಜೆಯವರು, ಪಟಾಕಿಯವರು, ಕುಡಿದು ಕುಣಿಯುವವರು ಆ ಮನುಷ್ಯನ ಸಂಗೀತವನ್ನು ಮುಚ್ಚಿಹಾಕಿದ್ದರು. ಅವರು ಯಾರೂ ನಾವು ಸಂಗೀತ ಕಾಪಾಡುತ್ತಿದ್ದೇವೆ ಎಂದು ಹೇಳಿಕೊಂಡಿರಲಿಲ್ಲ.

ಹನುಮಂತಪ್ಪನ ಹತ್ತಿರ ಹೋದೆ. “ಮುಂದಿನ ತಿಂಗಳು ಖಂಡಿತ ಇನ್ನೊಂದು ಇಡಿಸ್ತೀನಿ. ಈ ಸಲ ತಪ್ಪು ನಂದೇ.”

“ಇರ್ಲಿ ಬಿಡ್ರಿ ಸಾರ್,” ಎಂದ. “ಊದೋದು ಆಗ್ಲಿಲ್ಲ, ಕುಂದ್ರೋದು ಒಂದು ಆತಲ್ಲ.”

ಅದರಲ್ಲಿ ಕುಹಕ ಇತ್ತೋ ಇಲ್ಲವೋ ತಿಳಿಯಲಿಲ್ಲ. ಇದ್ದಿದ್ದರೆ ಒಳ್ಳೆಯದಿತ್ತು. ಆಟೊ ಬಂತು. ಏನಾದರೂ ಕೊಡಬೇಕೆನಿಸಿ ಹಣ್ಣಿನ ಬುಟ್ಟಿಯನ್ನು ಮರಿಯವ್ವನ ಕೈಗೆ ತುರುಕಿದೆ. ಅವಳು ಅದನ್ನು ತೊಡೆಯ ಮೇಲಿಟ್ಟುಕೊಂಡು, ತುಂಬಿದ ಮುಖದಿಂದ ನನಗೆ ಕೈ ಮುಗಿದಳು.

“ಭಾಳ ಚೆಂದ ಹೇಳಿದ್ರಿ ಅಣ್ಣಾರೆ. ಇಷ್ಟು ವರ್ಷ ಬಾಳೇವು ಮಾಡಿದ್ರೂ ಇವ್ರು ಹಂಗೆ ಊದ್ತಾರೆ ಅಂತ ನನಗೆ ಗೊತ್ತೇ ಇರ್ಲಿಲ್ಲ ನೋಡ್ರಿ. ನೀವು ಹೇಳಿದ ಮ್ಯಾಲೆ ಗೊತ್ತಾತು. ಒಂದ್ಸಲ ಕೇಳ್ಬೇಕಿತ್ತು.”